ಗುಂಬದ ದನಿ

೧೮೯೩ ಮಾರ್ಚಿ ೧೪, ಮಂಗಳವಾರ. ಬಳ್ಳಾರಿ.

ಮರಿಬಸಪ್ಪನವರು ನನ್ನ ಮುಂದೆ ಕೈ ಮುಗಿದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ನಿನ್ನೆ ಬೆಳಿಗ್ಗೆ ಅವರ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದು ಕೊಟ್ಟಿದ್ದೆ. ಮರದ ಅಚ್ಚು ತೆಗೆಸಿ ಕಬ್ಬಿಣದ್ದು ಹಾಕಿಸಿದವರು ಅವರೇ, ಸಿರುಗುಪ್ಪದಲ್ಲಿ, ಬೇರೆಯವರ ಕೈಯಲ್ಲಿ. ಅದರ ಕಬ್ಬಿಣದ ಬಳೆ ಕೂರಿಸಲು ಗಾಲಿಯ ನಡುವಿನ ಗುಂಬವನ್ನು ಅಗಲವಾಗಿ ಕೊರೆಸಿದ್ದರು. ಮಧ್ಯಾಹ್ನ ಕುರುಗೋಡಿನ ದಾರಿಯಲ್ಲಿ ಆ ಗುಂಬ ಸೀಳಿ ಬಂಡಿ ಮಗುಚಿತು. ಅವರ ಹೆಂಡತಿ ಸುವರ್ಣಮ್ಮನವರ ಮುಂಗೈ ಮುರಿದಿದೆ.

ಇವತ್ತು ಅವರು ಬಂದಾಗ ಜಗಳಕ್ಕೆ ಸಿದ್ಧನಾಗಿಯೇ ಕೂತಿದ್ದೆ. ಅಚ್ಚು ಬದಲಿಸಿದವರು ನೀವು, ನನ್ನನ್ನೇನು ಕೇಳುತ್ತೀರಿ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಅವರೇ ಹೇಳಿಬಿಟ್ಟರು.

"ದಾವಲಸಾಬ್ರೆ, ನಿಮ್ಮದೇನೂ ತಪ್ಪಿಲ್ರಿ. ಕಬ್ಬಿಣದ ಹುಚ್ಚು ನಂದ. ಹೊಸಾ ಗುಂಬ ಮಾಡಿಕೊಡ್ರಿ."

"ಆಗ್ಲಿರಿ" ಎಂದೆ. ಅಷ್ಟೇ ಎಂದೆ.

ಗುಂಬಕ್ಕೆ ಸುತ್ತಿಗೆ ತಟ್ಟಿ ಕಿವಿಗೊಡದೆ ಯಾರ ಬಂಡಿಯನ್ನೂ ಬಿಡಬಾರದು ಎಂದು ಅಪ್ಪ ಕಲಿಸಿದ್ದ. ನಿನ್ನೆಯೂ ತಟ್ಟಿದ್ದೆ. ಒಡೆದ ಗಡಿಗೆಯ ದನಿ ಬಂತು. ಅಷ್ಟರಲ್ಲಿ ಎತ್ತು ಹೂಡಿದ್ದರು, ಸುವರ್ಣಮ್ಮನವರು ಹತ್ತಿ ಕೂತಿದ್ದರು. ಇಳಿಯಿರಿ ಎನ್ನಲು ಸಂಕೋಚವಾಯಿತು. ಕುರುಗೋಡಿನವರೆಗೆ ತಡೆದೀತು ಅಂದುಕೊಂಡೆ.

ನನ್ನ ಹೆಂಡತಿ ರಜಿಯಾ, "ಅವರ ಒಪ್ಪಿಕೊಂಡಾರಲ್ಲ, ಇನ್ನ ಉಣ್ಣಾಕೇನ್ರಿ?" ಎನ್ನುತ್ತಾಳೆ. ಅವಳಿಗೂ ಹೇಳಿಲ್ಲ.

ಹೊಸ ಗುಂಬಕ್ಕೆ ಜಾಲಿಯ ಕೊರಡು ತೆಗೆದಿಟ್ಟಿದ್ದೇನೆ. ಕೂರಿಸಿದ ಮೇಲೆ ಅವರ ಎದುರಿಗೇ ತಟ್ಟಬೇಕು. ಯಾಕೆ ತಟ್ಟುತ್ತೀರಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನಿನ್ನೆ ಕೇಳಿದ ದನಿಯನ್ನೂ ಹೇಳಬೇಕು.