ಇಲ್ಲದ ಜುಕಿನಿ ಕದ್ದವಳ ಪರವಾಗಿ

ಗ್ರಾಹಕ ಸಂತೋಷಾಧಿಕಾರಿಗಳೇ,

ನಿಮ್ಮ ಸೂಪರ್ ಮಾರ್ಕೆಟ್ಟಿನ ಒಂದು ಬಿಲ್ಲು ನಮ್ಮ ಸುಂದ್ರವ್ವನನ್ನು ಕಳ್ಳಿ ಮಾಡಿದೆ. ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಹನ್ನೊಂದು ವರ್ಷ ಐದು ಮನೆಗಳ ಅಡುಗೆ ಮಾಡಿದವಳಿಗೆ ಈಗ ಉಳಿದಿರುವುದು ಒಂದೇ ಮನೆ, ನನ್ನದು. ಕಳುವಾದ ಮಾಲು ಏಳುನೂರು ಗ್ರಾಂ ಜುಕಿನಿ. ಆ ಜುಕಿನಿ ಯಾವ ತೋಟದಲ್ಲೂ ಬೆಳೆದದ್ದಲ್ಲ, ನಿಮ್ಮ ತೂಕದ ಕೌಂಟರಿನಲ್ಲಿ ಹುಟ್ಟಿದ್ದು. ಮಾನ್ಯರೇ ಎಂದು ಶುರು ಮಾಡುವುದು ರೂಢಿ. ನಿಮ್ಮಲ್ಲಿ ದರ ಉಂಟು, ಆದರ ಇಲ್ಲ. ಹಾಗಾಗಿ ನಾನೂ ಒಂದು ಪದ ಉಳಿತಾಯ ಮಾಡಿದ್ದೇನೆ.

ನಡೆದದ್ದು ಇಷ್ಟು. ಮೂರನೇ ಮಹಡಿಯ ಮೇಡಂ ಸೌತೆಕಾಯಿ ತರಲು ಹೇಳಿದರು. ನಿಮ್ಮಲ್ಲಿ ಸೌತೆ ಎರಡು ಬಗೆ, ದರವೂ ಎರಡು. ಮರಾಠಿಯಲ್ಲಿ ಬರೀ 'ಕಾಕ್ಡಿ', ಅಂದರೆ ಸೌತೆ, ಎಂದರೆ ಹೆಚ್ಚಿನ ದರ ಒತ್ತುತ್ತಾರೆಂದು, ಮೇಡಂಗೆ ನಾಲ್ಕು ಕಾಸು ಉಳಿಯಲೆಂದು, ಸುಂದ್ರವ್ವ ತನ್ನ ವಿಜಯಪುರದ ಬಾಯಲ್ಲಿ 'ಜವಾರಿ, ಜವಾರಿ' ಎಂದು ಎರಡು ಸಲ ಒತ್ತಿ ಹೇಳಿದಳು. ಜವಾರಿ ಎಂದರೆ ನಮ್ಮ ನೆಲದ್ದು, ನಾಟಿ. ತೂಕದವನು ತೂಕಡಿಸುತ್ತಿದ್ದನೋ ಏನೋ, ಕಾಯಿಯನ್ನು ನೋಡಲಿಲ್ಲ, ಕಿವಿಗೆ ಬಿದ್ದ 'ಜ'ಕಾರವನ್ನು ಹಿಡಿದು ಜುಕಿನಿ ಎಂದು ಒತ್ತಿದ. ಮರಾಠಿಯ ಜ್ವಾರಿ ಎಂದು ಕೇಳಿಸಿಕೊಂಡಿದ್ದರೆ ಜೋಳದ ದರವಾದರೂ ಬೀಳುತ್ತಿತ್ತು. ಇಪ್ಪತ್ತೆಂಟು ರೂಪಾಯಿಯ ನಾಟಿ ಕಾಯಿ ಪಾಸ್‌ಪೋರ್ಟ್ ಇಲ್ಲದೆ ವಿದೇಶಿಯಾಗಿ ನೂರ ಎಂಬತ್ತೆರಡು ರೂಪಾಯಿಗೆ ಏರಿತು.

ಮೇಡಂ ಬಿಲ್ಲು ನೋಡಿದರು, ಚೀಲ ನೋಡಿದರು. ಬಿಲ್ಲಿನಲ್ಲಿ ಜುಕಿನಿ, ಚೀಲದಲ್ಲಿ ಸೌತೆಕಾಯಿ. ದುಬಾರಿಯದನ್ನು ದಾರಿಯಲ್ಲಿ ಯಾರಿಗೋ ಮಾರಿ, ಫುಟ್‌ಪಾತಿನ ಅಗ್ಗದ್ದನ್ನು ತುಂಬಿಕೊಂಡು ಬಂದಿದ್ದಾಳೆ ಎಂದು ತೀರ್ಮಾನಿಸಿದರು. ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ 'ಹುಷಾರಾಗಿರಿ' ಎಂದು ಹಾಕಿದರು. ಸಂಜೆಯೊಳಗೆ ಇನ್ನೂ ಮೂರು ಮನೆಯವರು ಹುಷಾರಾದರು.

ಸುಂದ್ರವ್ವ ಬಿಲ್ಲು ಹಿಡಿದು ನನ್ನ ಬಾಗಿಲಿಗೆ ಬಂದಳು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು, ಅಂಕಿಗಳ ವಿಷಯವೆಲ್ಲ ನನ್ನ ಹತ್ತಿರವೇ ಬರುತ್ತದೆ.

"ಅಕ್ಕಾರ, ಜುಕಿನಿ ಅಂದ್ರ ಏನ್ರೀ?"

"ಅದೊಂದು ತರಕಾರಿ ಮಾರಾಯ್ತಿ. ಹೆಚ್ಚುಕಡಿಮೆ ಸೌತೆಯ ಹಾಗೇ ಇರ್ತದೆ."

"ಹಂಗಾರ ಸೌತಿಕಾಯಿ ಬಿಟ್ಟು ಅದನ್ನ್ಯಾಕ ಕದೀಲಿ? ಕದ್ದದ್ದು ಏನಂತಾದ್ರೂ ಕಳ್ಳಗ ಗೊತ್ತಿರಬೇಕಲ್ರೀ."

ಈ ತರ್ಕಕ್ಕೆ ನಿಮ್ಮ ಕಂಪನಿಯಲ್ಲಿ ಯಾರ ಬಳಿಯಾದರೂ ಉತ್ತರವಿದೆಯೇ? ಮರುದಿನ ಬಿಲ್ಲು ಹಿಡಿದು ನಿಮ್ಮ ಕೌಂಟರಿಗೇ ಬಂದೆ. ನಿಮ್ಮ ಸಹಾಯಕರು ಪರದೆ ನೋಡಿ, "ಆಂಟಿ, ಸಿಸ್ಟಮ್‌ನಲ್ಲಿ ಜುಕಿನಿ ಅಂತಿದ್ದರೆ ಅದು ಜುಕಿನಿಯೇ" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಅರ್ಧ ಗಂಟೆ ವಾದಿಸಿದ ಮೇಲೆ ನೂರ ಐವತ್ತನಾಲ್ಕು ರೂಪಾಯಿಯ ಕೂಪನ್ ಕೊಟ್ಟರು. ಅವಧಿ ಏಳು ದಿನ, ಸಾವಿರದ ಖರೀದಿಯ ಮೇಲೆ ಮಾತ್ರ. ತಪ್ಪಾಗಿದೆ ಎಂದು ಬರೆದುಕೊಡಿ ಎಂದರೆ, ಹಾಗೆ ಬರೆಯುವ ಪಾಲಿಸಿ ಇಲ್ಲವಂತೆ. ತಪ್ಪು ಬರೆಯುವುದಕ್ಕೆ ಪಾಲಿಸಿ ಇದೆ, ತಪ್ಪೆಂದು ಬರೆಯುವುದಕ್ಕೆ ಇಲ್ಲ.

ಇನ್ನು ನಿಮ್ಮ ಬಾಗಿಲು. ಅಲ್ಲಿ ನಮ್ಮ ಚೀಲ ತಡಕಿ, ಬಿಲ್ಲಿಗೆ ತೂತು ಹೊಡೆಯಲು ಭೀಮರಾಯನನ್ನು ನಿಲ್ಲಿಸಿದ್ದೀರಿ. ನಾವು ಕದ್ದೆವೋ ಎಂದು ನೋಡಲು ಒಬ್ಬ ಕಾವಲುಗಾರ. ನೀವು ಕದ್ದಿರೋ ಎಂದು ನೋಡಲು ಎಷ್ಟು ಜನ? ಜುಕಿನಿಯ ಬಿಲ್ಲಿಗೂ ತೂತು ಬಿದ್ದಿದೆ, ಅಂದರೆ ಆ ಸೌತೆಕಾಯಿ ನಿಮ್ಮ ಬಾಗಿಲಿಂದಲೇ, ನಿಮ್ಮ ಕಣ್ಣೆದುರೇ ಹೊರಗೆ ಹೋಗಿದೆ. ಕೇಳಿದರೆ ಭೀಮರಾಯ ಹೇಳಿದ: "ಅಕ್ಕಾರ, ನಾ ಬರೇ ತೂತ ಹೊಡಿಯಾಂವ್ರೀ, ಓದಾಂವ ಅಲ್ಲ." ಅವನನ್ನು ಗದರಿಸಬೇಡಿ. ನಿಮ್ಮ ಇಡೀ ಸಂಸ್ಥೆಯಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಆ ಬಾಗಿಲ ಪಕ್ಕದಲ್ಲೊಂದು ಬೆಂಚಿದೆ, ಬೆಂಚಿನ ಮೇಲೆ ನಿಮ್ಮದೇ ಬೋರ್ಡು: 'ಹೊರಡುವ ಮುನ್ನ ಬಿಲ್ಲು ಪರಿಶೀಲಿಸಿ.' ನಾನು ವಿಧೇಯ ಗ್ರಾಹಕಿ. ಹನ್ನೆರಡು ದಿನಗಳಿಂದ ಸಂಜೆ ಐದರಿಂದ ಎಂಟರವರೆಗೆ ಅಲ್ಲಿ ಕುಳಿತು, ಕೇಳಿದವರ ಬಿಲ್ಲುಗಳನ್ನೆಲ್ಲ ಪುಕ್ಕಟೆಯಾಗಿ ಪರಿಶೀಲಿಸುತ್ತಿದ್ದೇನೆ. ಬಿಲ್ಲು ನಿಮ್ಮದು, ಬಾಣ ನನ್ನದು. ಈವರೆಗೆ ಮೂವತ್ತೊಂದು ತಪ್ಪು ಸಿಕ್ಕಿವೆ: ಒಂದು ಕೊಂಡರೆ ಒಂದು ಉಚಿತ ಎಂದ ಸೋಪಿಗೆ ಎರಡರ ದರ, ಒಂದೇ ತುಪ್ಪದ ಡಬ್ಬಿ ಎರಡು ಸಲ, ಕೊಳ್ಳದೇ ಇದ್ದ ಕೈಚೀಲ. ಅದರಲ್ಲಿ ಇಪ್ಪತ್ತೊಂಬತ್ತು ನಿಮ್ಮ ಲಾಭಕ್ಕೇ ಬಿದ್ದಿವೆ. ಕಣ್ಣು ಮುಚ್ಚಿ ತಪ್ಪುವವನು ಎರಡೂ ಕಡೆ ಸಮವಾಗಿ ತಪ್ಪುತ್ತಾನೆ ಎಂದು ನಾನು ಮೊದಲ ವರ್ಷದ ಮಕ್ಕಳಿಗೆ ಕಲಿಸುತ್ತಿದ್ದೆ. ನಿಮ್ಮ ಯಂತ್ರ ಒಂದು ಕಣ್ಣು ತೆರೆದೇ ತಪ್ಪುತ್ತಿದೆ. ನಿನ್ನೆ ನಿಮ್ಮ ಸಂತೋಷದ ಕೌಂಟರಿನ ಸಾಲು ಬಿಸ್ಕತ್ತಿನ ಕಪಾಟು ದಾಟಿ ಫಿನೈಲಿನವರೆಗೆ ಹೋಗಿತ್ತು. ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಿಮ್ಮ ಹುದ್ದೆಯ ಅರ್ಥ ಆಗ ತಿಳಿಯಿತು.

ನನಗೆ ಹಣ ಬೇಡ. ನಿಮ್ಮ ಲೆಟರ್‌ಹೆಡ್ಡಿನ ಮೇಲೆ, ಸಹಿ ಮತ್ತು ಸೀಲಿನ ಸಮೇತ, ಎರಡು ಸಾಲು ಬೇಕು: 'ಅಂದು ಸುಂದ್ರವ್ವ ಕೊಂಡದ್ದು ಸೌತೆಕಾಯಿ. ಜುಕಿನಿ ಎಂದು ಬರೆದದ್ದು ನಾವು.' ಅದನ್ನು ನಮ್ಮ ಲಿಫ್ಟಿನ ಪಕ್ಕ ಅಂಟಿಸುವ ಗೋಂದು ನನ್ನ ಖರ್ಚು. ಅದು ಕೈಗೆ ಬರುವವರೆಗೆ ಬೆಂಚು ಬಿಡುವುದಿಲ್ಲ. ದಿಂಬು ತಂದಾಗಿದೆ, ಕನ್ನಡಕದ ನಂಬರೂ ಬದಲಾಯಿಸಿದ್ದೇನೆ. ಈ ಪತ್ರವನ್ನು ಯಾರಿಂದಾದರೂ ಓದಿಸಿಕೊಳ್ಳಿ, ತೂಕದ ಕೌಂಟರಿನವನಿಂದ ಮಾತ್ರ ಬೇಡ.

ಬರೆದದ್ದನ್ನು ಸುಂದ್ರವ್ವನಿಗೆ ಓದಿ ಹೇಳಿದೆ. ಅವಳದೂ ಒಂದು ಷರತ್ತಿದೆ. "ಹೆಸರ ನೆಟ್ಟಗ ಬರೀಲಿ ಅಂತ ಹೇಳ್ರೀ ಅಕ್ಕಾರ. ಇಲ್ಲಂದ್ರ ನಾನೂ ಯಾವುದಾರ ಕಾಯಿಪಲ್ಯ ಆಗಿಬಿಡ್ತೀನಿ."

ಇಂತಿ,
ನಿಮ್ಮ ಬಾಗಿಲ ಬೆಂಚಿನ ಖಾಯಂ ಗಿರಾಕಿ,
ರಾಜೀವಿ
(ಕೂಪನ್ನಿನ ಅವಧಿ ಮುಗಿದಿದೆ. ನನ್ನದು ಮುಗಿದಿಲ್ಲ.)