ಸಣ್ಣ ತೂತಿನ ಬಿಲ್ಲೆ

ಭಾನುವಾರ, ೧೪ ಮಾರ್ಚ್

ಪ್ರೀತಿಯ ಬುಗುರಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕು, ಬರೆದಿದ್ದೇನೆ. ನಿನ್ನ ಕತ್ತು ನೋವು ಇಳಿಯಿತೇ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಮೂತಿ ಊದಿಸಿಕೊಂಡಿರುತ್ತೀಯ, ನನಗೆ ಗೊತ್ತು. ತಪ್ಪಾಯಿತು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ಎರಡು ಮಾತು ಮುಗಿಯುವಷ್ಟರಲ್ಲಿ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನೀನು ಕೇಳಿದ್ದು ಒಂದೇ. ಈ ಸೀಸನ್ನಿನಿಂದ ಎಲ್ಲ ರೇಸು ಕಾರುಗಳ ಇಂಜಿನ್ ಶಕ್ತಿಯನ್ನೂ ಸಮ ಮಾಡುವ ನಿಯಮ ತರುತ್ತಾರಂತೆ, ನಮ್ಮ ಗ್ಯಾರೇಜಿನ ಓಟು ಅದರ ಪರವಾಗಿ ಬೀಳಲಿ ಎಂದು. ನಾನು ಕಟ್ಟಿದ ಇಂಜಿನ್ನಿನಲ್ಲಿ ನೀನು ಇಷ್ಟು ರೇಸು ಗೆದ್ದೆ. ಪ್ರತಿ ಸಲವೂ ಜನ ನಿನ್ನ ಕೈ ಕುಲುಕಿ, ನನ್ನ ಕಡೆ ತಿರುಗಿ ಹೊಗಳಿದರು. ‘ಇಂಥ ಇಂಜಿನ್ ಇದ್ರೆ ಸಿಮೆಂಟ್ ಮೂಟೆನೂ ಗೆಲ್ಲುತ್ತೆ’ ಎಂದು ಯಾರೋ ಅಂದದ್ದನ್ನು ನೀನು ಬರೆದಿದ್ದೆ. ಓದಿ ನಗು ಬಂತು. ‘ನಾನು ಓಡಿಸ್ತಿದ್ದೀನೋ, ಸುಮ್ನೆ ಕೂತು ಬರ್ತಿದ್ದೀನೋ ಅಂತ ನನಗೇ ಗೊತ್ತಾಗ್ಬೇಕಮ್ಮ’ ಎಂದೂ ಬರೆದಿದ್ದೆ. ಆ ಸಾಲಿಗೆ ಬಂದಾಗ ನಗು ನಿಂತಿತು.

ನಿಮ್ಮಪ್ಪನಿಗೆ ನಿಯಮ ಅರ್ಥ ಮಾಡಿಸಲು ಒಂದು ಸಂಜೆಯೇ ಹಿಡಿಯಿತು. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಒಂದು ಉಕ್ಕಿನ ಬಿಲ್ಲೆ ಹಾಕುತ್ತಾರೆ, ಅದರ ನಡುವೆ ತೂತು. ಬಲವಾದ ಇಂಜಿನ್ನಿಗೆ ಸಣ್ಣ ತೂತು, ಬಡಕಲು ಇಂಜಿನ್ನಿಗೆ ದೊಡ್ಡದು. ಗಾಳಿ ಕಮ್ಮಿಯಾದರೆ ಶಕ್ತಿಯೂ ಕಮ್ಮಿ. ನಿಮ್ಮಪ್ಪ ಹೊಲಿಗೆ ಯಂತ್ರ ನಿಲ್ಲಿಸಿ, ‘ಎಲ್ರಿಗೂ ಒಂದೇ ಅಳತೆ ಶರ್ಟ್ ಹೊಲಿದ್ರೆ ಯಾರಿಗೂ ಸರಿಹೋಗಲ್ಲ ಕಣೆ’ ಅಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಾರನೇ ದಿನ ಗುಂಡಿ ಹಾಕುತ್ತಾ, ‘ಆದ್ರೂ ಮಗಳು ಹೇಳೋದ್ರಲ್ಲಿ ತಪ್ಪೇನಿದೆ?’ ಅಂದರು. ಇಂಥವರನ್ನು ಕಟ್ಟಿಕೊಂಡು ನಾನು ಏನು ತೀರ್ಮಾನ ಮಾಡಲಿ ಹೇಳು.

ಓಟಿನ ಸಭೆ ನಡೆದದ್ದು ಬಿಡಿಭಾಗದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೀಸೆ ಅಣ್ಣ ಗೊತ್ತಲ್ಲ, ಟೈರ್ ಗೋದಾಮಿನ ಪಕ್ಕದ ಸಣ್ಣ ಗ್ಯಾರೇಜಿನವನು, ಅವನೇ ಮೊದಲು ಎದ್ದ. ‘ಅಕ್ಕಾ, ವರ್ಷವಿಡೀ ನಿಮ್ಮ ಗಾಡಿ ಹೊಗೆ ಕುಡಿದು ಸಾಕಾಗಿದೆ. ನಮ್ಮ ಡ್ರೈವರ್‌ಗೂ ಕೈಕಾಲಿದೆ. ಅವರೂ ಏನು ಅಂತ ಜನ ನೋಡಬೇಡ್ವಾ?’ ನಾನು ಬಿಡುತ್ತೇನೆಯೇ? ‘ನೀವೂ ಒಳ್ಳೆ ಇಂಜಿನ್ ಕಟ್ಟಿ, ಬೇಡ ಅಂದೋರ್ಯಾರು? ಚೆನ್ನಾಗಿ ಓದೋ ಮಗು ಕಣ್ಣಿಗೆ ಬಟ್ಟೆ ಕಟ್ಟಿ, ಈಗ ಎಲ್ರೂ ಸಮ ಅಂದ್ರೆ ಅದ್ಯಾವ ನ್ಯಾಯ?’ ಅಂದೆ. ಅವನು ಸುಮ್ಮನೆ, ‘ಕಟ್ಟೋಕೆ ನಿಮ್ಮ ಕೈ ನಮಗೆಲ್ಲಿಂದ ಬರ್ಬೇಕು ಅಕ್ಕಾ?’ ಅಂದ. ಹೊಗಳಿದನೋ ಬೈದನೋ ಇವತ್ತಿಗೂ ತಿಳಿದಿಲ್ಲ.

ಇಷ್ಟೆಲ್ಲ ವಾದ ಮಾಡಿದವಳು ಕೊನೆಗೆ ನಿಯಮದ ಪರವಾಗಿಯೇ ಕೈ ಎತ್ತಿದೆ. ಮೀಸೆ ಅಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ನನಗೆ ಒಪ್ಪಿಗೆಯಾಗಿ ಎತ್ತಿದ್ದಲ್ಲ, ಬುಗುರಿ. ಒಳ್ಳೆಯ ಕೆಲಸಕ್ಕೆ ಶಿಕ್ಷೆ ಕೊಡುವುದು ತಪ್ಪು ಎಂದೇ ಈಗಲೂ ನಂಬಿದ್ದೇನೆ. ನೀನು ಕೇಳಿದೆಯೆಂದು ಎತ್ತಿದೆ, ಅಷ್ಟೇ.

ಈಗ ನಿನಗೆ ಹೇಳಲೇಬೇಕಾದ ಸುದ್ದಿ. ಹೋದ ವಾರ, ಯಾರಿಗೆ ಯಾವ ತೂತಿನ ಬಿಲ್ಲೆ ಎಂದು ತೀರ್ಮಾನಿಸುವ ಅಳತೆಯ ದಿನವಿತ್ತು. ಎಲ್ಲ ಗ್ಯಾರೇಜಿನವರ ಇಂಜಿನ್ನನ್ನೂ ಒಂದೊಂದಾಗಿ ಪರೀಕ್ಷೆಯ ಬೆಂಚಿಗೆ ಕಟ್ಟಿ, ಪೂರ್ತಿ ಜೋರಾಗಿ ಓಡಿಸಿ, ಶಕ್ತಿ ತೋರಿಸುವ ಮುಳ್ಳು ಎಲ್ಲಿಗೆ ಹೋಗುತ್ತದೆ ಎಂದು ತನಿಖೆಯವರು ನೋಡಿಕೊಂಡರು. ನಮ್ಮ ಸರದಿಗೆ ಮೊದಲು ನಮ್ಮ ಗ್ಯಾರೇಜಿನ ಮೇಸ್ತ್ರಿ ನನ್ನ ಕಿವಿಯ ಹತ್ತಿರ ಬಂದು, ‘ಅಕ್ಕಾ, ಶಕ್ತಿ ಕಮ್ಮಿ ತೋರಿಸ್ಲಿ ಅಂತ ಎಲ್ರೂ ಇಂಜಿನ್ ಟೈಮಿಂಗ್ ಹಿಂದಕ್ಕಿಟ್ಟು ತಂದಿದ್ದಾರೆ. ಇವತ್ತು ಸೋತವನೇ ಜಾಣ. ನಾವೂ ಚೂರು ತಿರುಗಿಸಿಬಿಡೋಣ’ ಅಂದ. ನಿಜವೇ ಆಗಿತ್ತು. ಮೀಸೆ ಅಣ್ಣನ ಇಂಜಿನ್ ಹಳೇ ಮುದುಕನ ಹಾಗೆ ಕೆಮ್ಮುತ್ತಿತ್ತು. ಅವನು ಪಕ್ಕದಲ್ಲಿ ಸತ್ತ ಮುಖ ಹೊತ್ತು ನಿಂತಿದ್ದ, ನಗುವನ್ನೆಲ್ಲ ಮೀಸೆಯೊಳಗೆ ಬಚ್ಚಿಟ್ಟು.

‘ಬೇಡ, ನಮ್ಮದು ಇದ್ದ ಹಾಗೇ ಓಡಲಿ’ ಅಂದೆ.

ಓಡಿತು. ಎಲ್ಲರಿಗಿಂತ ಎಷ್ಟೋ ಮೇಲೆ ಹೋಗಿ ನಿಂತಿತು. ಎಲ್ಲರಿಗಿಂತ ಸಣ್ಣ ತೂತಿನ ಬಿಲ್ಲೆ ನಮಗೇ ಬಿತ್ತು. ಉಳಿದವರು ಮನೆಗೆ ಹೋಗಿ ಟೈಮಿಂಗ್ ಸರಿಮಾಡಿಕೊಂಡರೆ ಅವರ ಗಾಡಿಗಳು ಹಾರುತ್ತವೆ. ನಮ್ಮದು ಮೂಗು ಕಟ್ಟಿದವರ ಹಾಗೆ ಏದುಸಿರು ಬಿಡುತ್ತದೆ. ಸಮ ಮಾಡಲು ಬಂದ ನಿಯಮದಲ್ಲಿ ನಿನ್ನ ಕಾರೇ ಎಲ್ಲರಿಗಿಂತ ಹಿಂದೆ. ತನಿಖೆಯವರನ್ನು ಕೇಳಿ ನೋಡಿದೆ. ‘ಸೀಲ್ ಬಿದ್ದಾಯ್ತಮ್ಮ, ಸೀಸನ್ ಮುಗಿಯೋವರೆಗೂ ಏನೂ ಮಾಡೋಕಾಗಲ್ಲ’ ಅಂದರು. ಈ ಒಂದು ಸೀಸನ್ನಿಗಾಗಿ ನೀನು ಎಷ್ಟು ಕಾದಿದ್ದೆ ಎಂದು ನನಗೆ ಗೊತ್ತು. ಅದಕ್ಕೇ ಪೆನ್ನು ಹಿಡಿಯಲು ಕೈ ಬರಲಿಲ್ಲ.

ನಿನ್ನೆ ಮೀಸೆ ಅಣ್ಣ ಗ್ಯಾರೇಜಿಗೆ ಬಂದಿದ್ದ. ಸ್ಟೂಲಿನ ತುದಿಯಲ್ಲಿ ಕೂತು, ನೆಲ ನೋಡುತ್ತಾ, ‘ಮಗಳನ್ನ ನಮ್ಮ ಗಾಡಿಗೆ ಕಳಿಸಿ ಅಕ್ಕಾ. ಅವಳ ಕೈ ಏನು ಅಂತ ನಮಗೆಲ್ಲ ಗೊತ್ತಿದೆ’ ಅಂದ. ನಾಚಿಕೆಯಿಂದ ಕೇಳಿದನೋ ಆಸೆಯಿಂದ ಕೇಳಿದನೋ, ಎರಡೂ ಇದ್ದಿರಬೇಕು. ಟೀ ಕೊಟ್ಟು ಕಳಿಸಿದೆ. ‘ಅವಳನ್ನೇ ಕೇಳ್ತೀನಿ’ ಅಂದೆ.

ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಹೋಗು. ಅವನ ಕಾರು ಓಡಿಸು. ಅವನ ಇಂಜಿನ್ ಗೆಲ್ಲಿಸಿತು ಎಂದು ಯಾರೂ ಅನ್ನುವುದಿಲ್ಲ. ನಮ್ಮ ಕಾರಿಗೆ ಬೇರೆ ಯಾರನ್ನಾದರೂ ಹುಡುಕುತ್ತೇನೆ. ಅಮ್ಮನಿಗೆ ಬೇಜಾರಾಗುತ್ತದೆ ಎಂದು ಹಿಂದೆ ಮುಂದೆ ನೋಡಬೇಡ. ಬೇಜಾರಾಗುತ್ತದೆ. ಆದರೂ ಹೋಗು. ಅವನ ಹತ್ತಿರ ಬ್ರೇಕು ಮಾತ್ರ ಎರಡೆರಡು ಸಲ ಪರೀಕ್ಷೆ ಮಾಡಿಸು, ಆ ವಿಷಯದಲ್ಲಿ ಅವನು ಸ್ವಲ್ಪ ಉಡಾಫೆ.

ನಿಮ್ಮಪ್ಪ ನಿನಗೆ ಕೈಗವಸಿನ ಒಳಗೆ ಹಾಕಲು ತೆಳು ಬಟ್ಟೆಯದೊಂದು ಜೊತೆ ಹೊಲಿದಿದ್ದಾರೆ, ಇದರ ಜೊತೆಗೇ ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಪ್ರತಿ ತಿರುವಿನಿಂದಲೂ ಸುಖವಾಗಿ ಹೊರಗೆ ಬಾ. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಚೆನ್ನಾಗಿ ಬಾಳು.

ಇಂತು ನಿನ್ನ
ಅಮ್ಮ

ಮರೆತದ್ದು: ಮರೆತದ್ದು ಎಂದು ಸುಳ್ಳೇಕೆ ಬರೆಯಲಿ? ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಳತೆಯ ದಿನ ಎಲ್ಲರೂ, ನಿಯತ್ತು ಅಂದರೆ ಅಕ್ಕನದು ಎಂದು ಹೊಗಳಿದರು. ನೀನೂ ಹಾಗೆಯೇ ತಿಳಿದು ನನ್ನನ್ನು ಕ್ಷಮಿಸಿಬಿಡುತ್ತೀಯ ಎಂದು ಭಯವಾಗುತ್ತಿದೆ. ಅದು ನಿಯತ್ತಲ್ಲ, ಮಗಳೇ. ನನ್ನ ಇಂಜಿನ್ ಅಷ್ಟು ಜನರ ಮುಂದೆ ಕೆಮ್ಮುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಮುಳ್ಳು ಮೇಲೇರಿದಾಗ ನಾನು ಚಪ್ಪಾಳೆ ತಟ್ಟಿ ಕೂಗಿಬಿಟ್ಟೆ. ತನಿಖೆಯವರು ಆ ಬಿಲ್ಲೆಯನ್ನು ಕೈಗೆತ್ತಿಕೊಂಡು, ‘ಈ ಕಾರು ಓಡಿಸೋದು ಯಾರಮ್ಮ?’ ಎಂದು ಕೇಳಿದರು. ಹೆಸರು ಹೇಳಲು ಬಾಯಿ ತೆರೆದಾಗಲೇ ನೀನು ನೆನಪಾದದ್ದು. ಅಲ್ಲಿಯವರೆಗೆ ಆ ಕಾರಿನ ಸೀಟಿನಲ್ಲಿ ನನಗೆ ಯಾರೂ ಕಂಡಿರಲಿಲ್ಲ.