ಮೆಮೊರಿ ಕಾರ್ಡಿನ ಬೀಗ

ಬಾಗೂರು
9-11-2024

ಮಗಳು ದೇವಿಕಾಗೆ,

ನಿನ್ನ ಅವ್ವ ಹುಲಿಗೆಮ್ಮ ದೂರದಿಂದಲೇ ತಲೆ ಸವರಿ ಬರೆಯುವ ಕಾಗದ. ನಾನು, ನಿಮ್ಮಪ್ಪ, ಕುರಿ, ನಾಯಿ ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ, ಹೊಲಿಗೆ ಅಂಗಡಿಗೆ ಕೈತುಂಬ ಕೆಲಸ ಬರುತ್ತಿದೆ ಅಂತ ನಿನ್ನ ಚಿಕ್ಕಮ್ಮ ಜಯಕ್ಕ ಹೇಳುತ್ತಿರುತ್ತಾಳೆ. ದೀಪಾವಳಿಗೆ ಮುಂಚೆಯೇ ಬರೆಯಲು ಕೂತೆ. ಎರಡು ಸಲ ಬರೆದೆ, ಎರಡು ಸಲವೂ ಒಲೆಗೆ ಹಾಕಿದೆ. ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಈ ಕಾಗದ ಓದುವವರೆಗೂ ಜಯಕ್ಕ ನಿನಗೆ ಊಟ ಹಾಕುವುದಿಲ್ಲ ಅಂತ ಗೊತ್ತಿದ್ದೇ ಹಿರಿಯೂರಿನ ಅವಳ ಮನೆ ವಿಳಾಸಕ್ಕೆ ಹಾಕುತ್ತಿದ್ದೇನೆ.

ಈ ಸಲ ನಿನ್ನ ಅವ್ವ ಗೆದ್ದಿದ್ದಾಳೆ ಕಣೆ. ಊರಿನ ಕಟ್ಟೆ ಮುಂದೆ, ಎಲ್ಲ ಗಂಡಸರೂ ಕೂತಿರುವಾಗ. ಅದನ್ನು ಹೇಳದಿದ್ದರೆ ನನಗೆ ಹೊಟ್ಟೆ ನೋವು ಬರುತ್ತದೆ.

ನಾನು ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗುವುದು ನಿನಗೆ ಗೊತ್ತಿದೆ. ಹೋದ ವರ್ಷ ನಮ್ಮ ಸಂಘದ ಹೆಂಗಸರೆಲ್ಲ ಸೇರಿ ನನಗೊಂದು ಹಳೆಯ ಟ್ಯಾಬ್ ಕೊಡಿಸಿದರು. ಆಸ್ಪತ್ರೆಯ ಚೀಟಿ ಮನೆಗೆ ಹೋದರೆ ಅತ್ತೆ, ಮಾವ, ಮೈದುನ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಅದಕ್ಕೆ ಹೆಣ್ಣುಮಕ್ಕಳು ನನ್ನ ಹತ್ತಿರ ತಂದು, ಅಕ್ಕಾ ಇದರ ಫೋಟೋ ಇಟ್ಟುಕೊಂಡಿರು ಅನ್ನುತ್ತಾರೆ. ಸ್ಕ್ಯಾನಿಂಗಿನದು, ರಕ್ತದ್ದು, ಇನ್ನೂ ಏನೇನೋ. ಟ್ಯಾಬಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿಗೆ ಹಾಕಿದ್ದೆ. ಟ್ಯಾಬ್ ತೆರೆಯಲು ನಂಬರ್ ಇಟ್ಟಿದ್ದೇನಲ್ಲ, ಇನ್ನೇನು ಭಯ ಅಂದುಕೊಂಡಿದ್ದೆ.

ಹೊಸದುರ್ಗದ ಮೊಬೈಲ್ ಅಂಗಡಿಯಲ್ಲಿ ಅಂಜಲಿ ಅಂತ ಒಬ್ಬಳು ಹುಡುಗಿ ಇದ್ದಾಳೆ. ಟ್ಯಾಬಿನ ಗಾಜು ಸೀಳು ಬಿಟ್ಟಿತ್ತು, ತೋರಿಸಲು ಹೋಗಿದ್ದೆ. ಅವಳು ಕಾರ್ಡನ್ನು ಎಳೆದು ತನ್ನ ಫೋನಿಗೆ ಹಾಕಿದಳು ನೋಡು, ನಮ್ಮೂರ ಹೆಣ್ಣುಮಕ್ಕಳ ಗುಟ್ಟೆಲ್ಲ ಸಾಲಾಗಿ ಬಂದು ನಿಂತಿತು. ಬಾಗಿಲಿಗೆ ಬೀಗ ಹಾಕಿ ಗೋಡೆಯನ್ನೇ ಬಿಚ್ಚಿಟ್ಟಿದ್ದೀಯಲ್ಲಮ್ಮ ಅಂತ ನಕ್ಕಳು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ಫೈಲುಗಳನ್ನೆಲ್ಲ ಒಂದೇ ಗಂಟು ಕಟ್ಟಿ, ಆ ಗಂಟಿಗೇ ಪಾಸ್‌ವರ್ಡ್ ಹಾಕಿ, ಹೊರಗೆ ಬಿಡಿಯಾಗಿ ಉಳಿದದ್ದನ್ನು ಅಳಿಸಬೇಕು. ಆಗ ಕಾರ್ಡನ್ನು ಯಾವ ಫೋನಿಗೆ ಹಾಕಿದರೂ ಅಷ್ಟೇ, ತೆರೆಯುವುದಿಲ್ಲ.

ನಾನು ಹಾಕಿದ ಮೊದಲ ಪಾಸ್‌ವರ್ಡನ್ನು ಅವಳು ಒಂದೇ ಏಟಿಗೆ ತೆರೆದಳು. ಬಾಗೂರು ಕಡೆಯ ಕುರಿಯವರು ಬಂದರೆ ಬೀರಲಿಂಗೇಶ್ವರ ಅಂತಲೇ ಇಡುತ್ತಾರಂತೆ. ದೇವರನ್ನು ಕಾವಲಿಗೆ ಹಾಕಬೇಡ, ಅವನ ಹೆಸರು ಎಲ್ಲರಿಗೂ ಗೊತ್ತು ಅಂದಳು. ಬೇರೆ ಇಟ್ಟೆ. ಏನು ಅಂತ ನಿನಗೂ ಹೇಳುವುದಿಲ್ಲ.

ಕೆಂಚಪ್ಪ ಗೊತ್ತಲ್ಲ, ಮೇಲಿನ ಕೇರಿಯವನು, ನಮ್ಮೂರಲ್ಲೇ ದೊಡ್ಡ ಕುರಿ ಮಂದೆ ಇರುವವನು. ಅವನ ಮಗ ಚಂದ್ರುಗೆ ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಸೊಸೆ ಮೋನಿಕಾ ಗಂಡನ ಜೊತೆ ಆಸ್ಪತ್ರೆಗೆ ಹೋಗಿ ಬಂದದ್ದು, ಚೀಟಿಯ ಫೋಟೋ ನನ್ನ ಹತ್ತಿರ ಇರುವುದು ಅವನ ಕಿವಿಗೆ ಬಿತ್ತು. ಸೊಸೆಯದೇ ದೋಷ ಅಂತ ಚೀಟಿ ತೋರಿಸಿ, ಅವಳನ್ನು ತವರಿಗೆ ಕಳಿಸಿ, ಮಗನಿಗೆ ಇನ್ನೊಂದು ಮದುವೆ ಮಾಡುವುದು ಅವನ ಲೆಕ್ಕಾಚಾರ. ಹುಡುಗಿಯನ್ನೂ ನೋಡಿಟ್ಟಿದ್ದ. ನಾನು ಅವರ ಮನೆಗೆ ಮಾತ್ರೆ ಕೊಡಲು ಹೋದಾಗ ಟ್ಯಾಬನ್ನು ಮಂಚದ ಮೇಲಿಟ್ಟು ಕೈ ತೊಳೆಯಲು ಎದ್ದೆ. ಅಷ್ಟರಲ್ಲಿ ಕಾರ್ಡ್ ಅವನ ಜೇಬು ಸೇರಿತ್ತು.

ಎರಡು ದಿನ ಹೊಳಲ್ಕೆರೆಯ ಯಾವುದೋ ಅಂಗಡಿಯಲ್ಲಿ ಕೂತು ಗುದ್ದಾಡಿದನಂತೆ. ಬೀರಲಿಂಗೇಶ್ವರನನ್ನು ಕರೆದು ನೋಡಿದ್ದಾರೆ, ನಿಮ್ಮಪ್ಪನ ಹೆಸರು, ನಿನ್ನ ಹೆಸರು, ನನ್ನ ಫೋನ್ ನಂಬರ್, ಎಲ್ಲ ಆಯಿತು. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಕಾರ್ಡ್ ಹಿಡಿದುಕೊಂಡು ಕಟ್ಟೆಗೇ ಬಂದು ನನ್ನನ್ನು ಕರೆಸಿದ. ಕದ್ದೆ ಅನ್ನುವ ನಾಚಿಕೆಯೂ ಇಲ್ಲ. ನಮ್ಮ ಮನೆ ಸೊಸೆಯ ಚೀಟಿ ನಮ್ಮದೇ, ಅದೇನು ಅಕ್ಷರ ಇಟ್ಟಿದ್ದಾಳೋ ಹೇಳಿಸಿ ಅಂತ ಹಿರಿಯ ಬೋರಣ್ಣನಿಗೆ ದೂರು ಕೊಟ್ಟ. ಬೋರಣ್ಣನೂ, ಹೇಳಿಬಿಡಮ್ಮ, ರಗಳೆ ಮುಗೀಲಿ ಅಂದ. ಮೋನಿಕಾ ನಲ್ಲಿಯ ಹತ್ತಿರ ಖಾಲಿ ಕೊಡ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ನನಗೆ ಎಲ್ಲಿಂದ ಧೈರ್ಯ ಬಂತೋ.

"ಹೇಳ್ತೀನಿ ಕೆಂಚಪ್ಪ. ಅದಕ್ಕೂ ಮುಂಚೆ ನಿನ್ನ ರೊಪ್ಪದಾಗೆ ಕುರಿ ಎಷ್ಟು ಅವೆ, ಎಲ್ಲರ ಮುಂದೆ ಹೇಳು" ಅಂದೆ.

ನಮ್ಮಲ್ಲಿ ಕುರಿ ಎಷ್ಟಿವೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಹೇಳಿದರೆ ದೃಷ್ಟಿಯಾಗಿ ಮಂದೆ ಕರಗುತ್ತದೆ ಅಂತ ನಿಮ್ಮಪ್ಪ ನನಗೇ ಇವತ್ತಿನವರೆಗೂ ಹೇಳಿಲ್ಲ. ಕೆಂಚಪ್ಪ ಮೀಸೆ ಮುಟ್ಟಿಕೊಂಡ, ನೆಲ ನೋಡಿದ.

"ನಿನ್ನ ಕುರಿ ಲೆಕ್ಕ ನೀನು ಹೇಳಾಕಿಲ್ಲ. ನನ್ನನ್ನ ನಂಬಿದ ಹೆಣ್ಮಕ್ಕಳ ಲೆಕ್ಕ ನಾನೂ ಹೇಳಾಕಿಲ್ಲ" ಅಂದೆ.

ಮೊದಲು ನಕ್ಕವನು ಬೋರಣ್ಣ. ಆಮೇಲೆ ಇಡೀ ಕಟ್ಟೆ ನಕ್ಕಿತು. ಆಯಮ್ಮ ಹೇಳೋದು ಸರಿ ಐತೆ, ಕಾರ್ಡ್ ಕೊಡಪ್ಪ ಅಂತ ಬೋರಣ್ಣನೇ ಅವನ ಕೈಯಿಂದ ಇಸಿದುಕೊಂಡು ನನಗೆ ಕೊಟ್ಟ. ಅಷ್ಟು ಹೊತ್ತು ಬೇವಿನ ಮರಕ್ಕೆ ಒರಗಿ ನಿಂತಿದ್ದ ಚಂದ್ರು ಮುಂದೆ ಬಂದು, ಇನ್ನೊಂದು ಮದುವೆ ಮಾತು ಎತ್ತಿದರೆ ನಾನು ಮನೆಯಲ್ಲೇ ಇರುವುದಿಲ್ಲ ಅಂತ ಅಪ್ಪನಿಗೆ ಅಂದ. ಮೊನ್ನೆ ಗಂಡ ಹೆಂಡತಿ ಇಬ್ಬರೂ ಮತ್ತೆ ಆಸ್ಪತ್ರೆಗೆ ಅಂತ ಚಿತ್ರದುರ್ಗದ ಬಸ್ ಹತ್ತಿದರು. ಚೀಟಿಯಲ್ಲಿ ಏನಿತ್ತು ಅಂತ ಕೇಳಬೇಡ, ಹೇಳುವುದಿಲ್ಲ.

ಈಗ ಹೆಣ್ಣುಮಕ್ಕಳು ನನ್ನನ್ನು ಬೀಗದ ಹುಲಿಗೆಮ್ಮ ಅನ್ನುತ್ತಾರೆ. ನಿಮ್ಮಪ್ಪನಿಗೆ ಹೆಮ್ಮೆ, ತೋರಿಸಿಕೊಳ್ಳುವುದಿಲ್ಲ. ನಾನು ಮಾತ್ರ ಎರಡು ದಿನ ರೊಟ್ಟಿ ತಟ್ಟುತ್ತಾ ಹಾಡಿದ್ದೇ ಹಾಡಿದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಹೊಲಿಯುವಾಗ ದೀಪ ಹತ್ತಿರ ಇಟ್ಟುಕೋ. ನಿನ್ನ ಕೈ ಹಿಡಿದ ಕೆಲಸವೆಲ್ಲ ಹಸನಾಗಲಿ, ನಿನಗೆ ಬೇಕಾದ ಹಾಗೆ ನೀನು ಬಾಳು.

ನಿನ್ನ ಅವ್ವ,
ಹುಲಿಗೆಮ್ಮ

ಮರೆತೆ: ಕೆಂಚಪ್ಪ ಬಾಯಿ ಮುಚ್ಚಿಕೊಂಡ ಅನ್ನುವ ಹಾಗೆ ಮೇಲೆ ಬರೆದೆ. ಮರೆತೆ ಅಂದದ್ದೂ ಸುಳ್ಳು, ಬರೆಯಲು ಆಗಲಿಲ್ಲ. ಕಾರ್ಡ್ ಕೊಟ್ಟ ಮೇಲೆ ಅವನು ಒಂದು ಮಾತು ಕೇಳಿದ. "ನಿನ್ನ ಮಗಳ ಟ್ರಂಕ್ ಬೀಗ ಒಡೆದಾಗ ಈ ನೇಮ ಎಲ್ಲಿತ್ತು ಹುಲಿಗೆಮ್ಮ?" ಯಾರೂ ನಗಲಿಲ್ಲ. ಆರು ವರ್ಷದ ಹಿಂದೆ ಗುಂಡುಕಲ್ಲಿನಿಂದ ಒಡೆದವಳು ನಾನೇ. ನೀನು ಮೆಚ್ಚಿದ್ದ ಶಿವರಾಜನ ವಿಷಯ ಬರೆದುಕೊಂಡಿದ್ದ ಡೈರಿಯನ್ನು ನಿಮ್ಮಪ್ಪನ ಕೈಗೆ ಕೊಟ್ಟವಳೂ ನಾನೇ. ಅವರು ಅದನ್ನು ಓದಿಸಿದ್ದು ಅದೇ ಕಟ್ಟೆಯ ಮೇಲೆ, ನೀನು ನಿಂತಿದ್ದು ಮೋನಿಕಾ ನಿಂತಿದ್ದ ಅದೇ ನಲ್ಲಿಯ ಹತ್ತಿರ. ಮಾರನೆಯ ದಿನವೇ ನೀನು ಮನೆ ಬಿಟ್ಟು ಹೋದೆ. "ಅವತ್ತು ಒಡೆದದ್ದಕ್ಕೇ ಇವತ್ತು ಒಡೆಯಾಕೆ ಬಿಡಲಿಲ್ಲ ಕಣಪ್ಪ" ಅಂದು ಬಂದೆ. ಮನೆಗೆ ಬಂದು ಅತ್ತುಬಿಟ್ಟೆ. ಡೈರಿಯನ್ನು ನಿಮ್ಮಪ್ಪನಿಂದ ಇಸಿದುಕೊಂಡು, ಹಾಳೆ ತಿರುವದೆ ಟ್ರಂಕಿನಲ್ಲಿಟ್ಟು ಹೊಸ ಬೀಗ ಹಾಕಿದ್ದೇನೆ. ಎರಡು ಕೀ ಬಂದವು. ಎರಡೂ ಈ ಕವರಿನಲ್ಲಿವೆ. ನನ್ನ ಹತ್ತಿರ ಒಂದೂ ಇಲ್ಲ.